ಹೌದು, ಬೇಡ, ನೋಡೋಣ

"ಸರ್, ನನ್ನ ಚಿತ್ರ ಯಾಕೆ ಆಯ್ಕೆ ಆಗಲಿಲ್ಲ ಅಂತ ಹೇಳ್ತೀರಾ? ಬೇಜಾರೇನಿಲ್ಲ. ಸುಮ್ನೆ ತಿಳ್ಕೊಳ್ಳೋಣ ಅಂತ."

ಮೈಸೂರಿನ ನಮ್ಮ ಬಡಾವಣೆಯಲ್ಲಿ ವರ್ಷಕ್ಕೊಮ್ಮೆ ಒಂದು ಚಿತ್ರ ಪ್ರದರ್ಶನ ನಡೆಯುತ್ತದೆ. ದೊಡ್ಡದೇನಲ್ಲ. ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜು ಹುಡುಗರು, ಅಡುಗೆ ಮುಗಿಸಿ ಮಧ್ಯಾಹ್ನ ಬಣ್ಣ ಹಿಡಿದು ಕೂರುವ ಗೃಹಿಣಿಯರು, ಒಬ್ಬಿಬ್ಬರು ಡ್ರಾಯಿಂಗ್ ಮೇಷ್ಟ್ರು, ಹೀಗೆ ಎಲ್ಲರೂ ಚಿತ್ರ ಕಳಿಸುತ್ತಾರೆ. ಆಯ್ಕೆಯ ಕೆಲಸದಲ್ಲಿ ನಾನು ಕೆಲವು ವರ್ಷಗಳಿಂದ ಇದ್ದೇನೆ. ಮೊದಲು ಅಂಕದ ಹಾಳೆ ಹಂಚುವವನಾಗಿದ್ದೆ. ಆಮೇಲೆ ತೀರ್ಪುಗಾರನಾಗಿಯೂ ಕೂತೆ. ಮೇಲಿನ ಫೋನು ಪ್ರತಿ ವರ್ಷ ಬರುತ್ತದೆ. ಕೇಳುವವರಿಗೆ ನೇರವಾದ ಉತ್ತರ ಸಿಗಬೇಕು. ಅದಕ್ಕೆ ಆಯ್ಕೆ ನಡೆಯುವ ಹಾಲ್‌ನ ಒಳಗೆ ಏನು ನಡೆಯುತ್ತದೆ ಅನ್ನೋದನ್ನು ಬಿಡಿಸಿ ಹೇಳಬೇಕು.

ಮೊದಲು ಗೋಡೆಯ ಲೆಕ್ಕ ನೋಡೋಣ. ನಮ್ಮ ಹಾಲು ಅರವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಸುತ್ತಳತೆ 180 ಅಡಿ. ಬಾಗಿಲು, ಕಿಟಕಿ, ವೇದಿಕೆ ಕಳೆದರೆ ಚಿತ್ರ ತೂಗು ಹಾಕಲು ಉಳಿಯುವುದು ಸುಮಾರು 110 ಅಡಿ. ಫ್ರೇಮು ಸೇರಿ ಒಂದು ಚಿತ್ರ ಎರಡು ಅಡಿ ಅಂತ ಇಟ್ಟುಕೊಳ್ಳಿ. ಪಕ್ಕದ ಚಿತ್ರಕ್ಕೂ ಇದಕ್ಕೂ ನಡುವೆ ಒಂದು ಅಡಿಯಾದರೂ ಉಸಿರಾಡಲು ಜಾಗ ಬೇಕು. ಅಂದರೆ ಒಂದು ಸಾಲಿಗೆ 36 ಚಿತ್ರ. ಮೇಲೊಂದು ಕೆಳಗೊಂದು ಹಾಕಿದರೂ 72. ಹೋದ ಸಲ ಬಂದದ್ದು 190. ಆ 190 ಚಿತ್ರಗಳೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು ಅಂತಲೇ ಅಂದುಕೊಳ್ಳಿ. ಆಗಲೂ 118 ಚಿತ್ರ ವಾಪಸು ಹೋಗಲೇಬೇಕು. ತೀರ್ಪುಗಾರರು ಕುರ್ಚಿಯಲ್ಲಿ ಕೂರುವ ಮೊದಲೇ ಈ ತೀರ್ಪು ಆಗಿಬಿಟ್ಟಿರುತ್ತದೆ. ವಾಪಸು ಬಂದ ಚಿತ್ರ ಕೆಟ್ಟ ಚಿತ್ರ ಅಂತ ಅರ್ಥವಲ್ಲ ಎಂದು ನಾವು ಹೇಳಿದಾಗ ಅದು ಸಮಾಧಾನದ ಮಾತು ಅನ್ನಿಸಬಹುದು. ಅದು ಬರೀ ಲೆಕ್ಕ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಆಯ್ಕೆ ಬೇರೆ, ಬಹುಮಾನ ಬೇರೆ. ಆಯ್ಕೆ ಸಮಿತಿ ಕೇಳುವ ಪ್ರಶ್ನೆ, 'ಈ ಚಿತ್ರ ಗೋಡೆಯ ಮೇಲೆ ಇರಬೇಕಾ?' ಬಹುಮಾನ ಕೊಡುವವರು ಕೇಳುವ ಪ್ರಶ್ನೆ, 'ಗೋಡೆಯ ಮೇಲಿರುವ ಇಷ್ಟರಲ್ಲಿ ಯಾವುದು ಮುಂದೆ?' ಎರಡನ್ನೂ ಒಬ್ಬರೇ ಮಾಡುವ ಕಡೆ ತೊಂದರೆ ಜಾಸ್ತಿ. ಬಹುಮಾನಕ್ಕೆ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಟ್ಟರೆ, ಉಳಿದವನ್ನೆಲ್ಲ ಅದರ ಪಕ್ಕ ಇಟ್ಟೇ ನೋಡುತ್ತೇವೆ. ನಾವು ಆಯ್ಕೆಗೆ ಮೂವರನ್ನು ಕೂರಿಸುತ್ತೇವೆ. ಬಹುಮಾನಕ್ಕೆ ಬೇರೆ ಊರಿನಿಂದ ಒಬ್ಬರನ್ನು ಕರೆಸುತ್ತೇವೆ.

ಈಗ ಮೊದಲ ಸುತ್ತು ಹೆಚ್ಚಾಗಿ ಫೋಟೋ ನೋಡಿಯೇ ನಡೆಯುತ್ತದೆ. ನಮ್ಮಲ್ಲಿ ಮಾತ್ರ ಅಲ್ಲ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲೂ ಹಾಗೆಯೇ. ಅಲ್ಲಿ 1769ರಿಂದ ಒಂದು ವರ್ಷವೂ ತಪ್ಪದೆ ಬೇಸಿಗೆ ಪ್ರದರ್ಶನ ನಡೆಯುತ್ತಿದೆ. ಯಾರು ಬೇಕಾದರೂ ಚಿತ್ರ ಕಳಿಸಬಹುದು. ಸಾವಿರ ಸಾವಿರ ಚಿತ್ರ ಬರುತ್ತವೆ. ಅಷ್ಟನ್ನೂ ಹೊತ್ತು ತಂದು ತೋರಿಸಲು ಆಗುವುದಿಲ್ಲ, ಹಾಗಾಗಿ ಮೊದಲು ಫೋಟೋ. ಇಲ್ಲೇ ಎಷ್ಟೋ ಒಳ್ಳೆಯ ಚಿತ್ರಗಳು ಬಿದ್ದುಹೋಗುತ್ತವೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಸುವ ಸಂಗತಿ. ಗಾಜು ಹಾಕಿಸಿದ ಮೇಲೆ ತೆಗೆದ ಫೋಟೋದಲ್ಲಿ ಟ್ಯೂಬ್‌ಲೈಟು ಮಿಂಚುತ್ತಿರುತ್ತದೆ. ರಾತ್ರಿ ಬಲ್ಬಿನ ಕೆಳಗೆ ತೆಗೆದಿದ್ದರೆ ನೀಲಿ ಆಕಾಶ ಹಸಿರಾಗಿರುತ್ತದೆ. ಓರೆಯಾಗಿ ನಿಂತು ತೆಗೆದಿದ್ದರೆ ಚೌಕದ ಚಿತ್ರ ಗಾಳಿಪಟದ ಹಾಗೆ ಕಾಣುತ್ತದೆ. ಕೆಲವರ ಫೋಟೋದಲ್ಲಿ ಚಿತ್ರದ ಜೊತೆ ಸೋಫಾ, ನೆಲದ ಟೈಲ್ಸು, ಬರೆದವರ ಕಾಲ್ಬೆರಳು ಎಲ್ಲ ಇರುತ್ತವೆ. ಗಾಜು ಹಾಕಿಸುವ ಮೊದಲು, ಬೆಳಿಗ್ಗೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಚಿತ್ರ ಇಡಿ. ಫ್ಲ್ಯಾಶ್ ಬೇಡ. ಮೊಬೈಲನ್ನು ಚಿತ್ರದ ನಡುಮಧ್ಯಕ್ಕೆ ನೇರವಾಗಿ ಹಿಡಿಯಿರಿ. ಆಮೇಲೆ ಅಂಚು ಕತ್ತರಿಸಿ ಕಳಿಸಿ. ಐದು ನಿಮಿಷದ ಕೆಲಸ. ಇದನ್ನು ಮಾಡದೆ ಆರು ತಿಂಗಳ ಶ್ರಮವನ್ನು ಕಳೆದುಕೊಳ್ಳಬೇಡಿ.

ತೀರ್ಪುಗಾರರಿಗೆ ಹೆಸರು ಕಾಣಬಾರದು. ಸಂಖ್ಯೆ, ಅಳತೆ, ಮಾಧ್ಯಮ, ಇಷ್ಟೇ ಗೊತ್ತಿರಬೇಕು. ಯಾಕೆ ಅನ್ನುವುದಕ್ಕೆ ಅದೇ ರಾಯಲ್ ಅಕಾಡೆಮಿಯಿಂದ ಎರಡು ಘಟನೆ ಹೇಳುತ್ತೇನೆ. 1947ರಲ್ಲಿ ವಿನ್ಸ್ಟನ್ ಚರ್ಚಿಲ್ ತಮ್ಮ ಹೆಸರು ಮುಚ್ಚಿಟ್ಟು, ಡೇವಿಡ್ ವಿಂಟರ್ ಎಂಬ ಹೆಸರಿನಲ್ಲಿ ಚಿತ್ರ ಕಳಿಸಿದರು. ಎರಡು ಆಯ್ಕೆಯಾದವು. ಅವರಿಗೆ ತಮ್ಮ ಕೈ ಎಂಥದ್ದು ಅನ್ನುವುದು ಆ ದಿನ ಖಚಿತವಾಗಿ ತಿಳಿದಿರಬೇಕು. 2018ರಲ್ಲಿ ಬ್ಯಾಂಕ್ಸಿ ಎಂಬ ಹೆಸರಾಂತ ಬೀದಿ ಕಲಾವಿದ ಬೇರೊಂದು ಹೆಸರಿನಲ್ಲಿ ಚಿತ್ರ ಕಳಿಸಿದರು. ಬೇಡ ಅಂತ ಉತ್ತರ ಬಂತು. ಸ್ವಲ್ಪ ದಿನದ ಮೇಲೆ ಪ್ರದರ್ಶನದ ಹೊಣೆ ಹೊತ್ತಿದ್ದ ಗ್ರೇಸನ್ ಪೆರ್ರಿ, ಬ್ಯಾಂಕ್ಸಿಯ ಬಳಿಯೇ ಒಂದು ಕೃತಿ ಕೇಳಿದರು. ಅದೇ ಕೃತಿಯ ಇನ್ನೊಂದು ರೂಪವನ್ನು ಬ್ಯಾಂಕ್ಸಿ ಕೊಟ್ಟರು. ಅದು ಗೋಡೆಗೆ ಏರಿತು. ಹೆಸರು ಕಂಡರೆ ಕಣ್ಣು ಬದಲಾಗುತ್ತದೆ. ಯಾರ ಕಣ್ಣೇ ಆಗಲಿ.

ಆದರೆ ಚಿಕ್ಕ ಊರಿನಲ್ಲಿ ಹೆಸರು ಮುಚ್ಚಿದರೂ ಕೈ ಮುಚ್ಚಲು ಆಗುವುದಿಲ್ಲ. ಇದು ಯಾರ ಕುಂಚದ ಎಳೆತ, ಯಾರ ಮೇಷ್ಟ್ರು ಕಲಿಸಿದ ಮರ ಅಂತ ನಮ್ಮವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಅದಕ್ಕೆ ನಮ್ಮಲ್ಲಿ ಒಂದು ನಿಯಮ ಇದೆ. ಗೊತ್ತಾದ ಕೂಡಲೇ ಬಾಯಿಬಿಟ್ಟು ಹೇಳಬೇಕು, ಆ ಚಿತ್ರಕ್ಕೆ ಅಂಕ ಹಾಕಬಾರದು. "ಇದು ನನ್ನ ಶಿಷ್ಯೆದು. ನೀವಿಬ್ಬರೇ ನೋಡಿ" ಅಂತ ಹೇಳಿ ಮೇಷ್ಟ್ರು ಕಾಫಿಗೆ ಎದ್ದು ಹೋಗುತ್ತಾರೆ. ಇದರಿಂದ ಯಾರಿಗೂ ಅವಮಾನ ಇಲ್ಲ.

ಇನ್ನು ನೋಡುವ ಬಗೆ. ಇದೇ ಮುಖ್ಯ ಭಾಗ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಜಗನ್ಮೋಹನ ಅರಮನೆಗೆ ಹೋದವರು ಒಂದು ಚಿತ್ರವನ್ನು ಮರೆತಿರುವುದಿಲ್ಲ. ಸೀರೆ ಉಟ್ಟ ಹೆಣ್ಣುಮಗಳು ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅಡ್ಡ ಇಟ್ಟಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುತ್ತದೆ. ಕತ್ತಲೆ ಮಾಡಿದ ಕೋಣೆಯಲ್ಲಿ ಅದನ್ನು ನೋಡಿದಾಗ ನಿಜವಾದ ದೀಪವೇ ಉರಿಯುತ್ತಿದೆಯೇನೋ ಅನ್ನಿಸುತ್ತದೆ. 'ಗ್ಲೋ ಆಫ್ ಹೋಪ್' ಅಂತ ಹೆಸರು. ಎಷ್ಟೋ ಜನ ಇದನ್ನು ರವಿವರ್ಮನ ಚಿತ್ರ ಅಂದುಕೊಂಡಿದ್ದಾರೆ. ಅಲ್ಲ. ಇದು ಎಸ್. ಎಲ್. ಹಳದಣಕರ್ 1940ರ ದಶಕದಲ್ಲಿ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಬಹುಮಾನ ಪಡೆದ ಚಿತ್ರ ಅದು. ಅಂದರೆ ಅದರ ಮುಂದೆಯೂ ಒಂದು ದಿನ ತೀರ್ಪುಗಾರರು ಅಂಕದ ಹಾಳೆ ಹಿಡಿದು ನಿಂತಿದ್ದರು. ಅವರ ಜಾಗದಲ್ಲಿ ನಾವು ನಿಂತಿದ್ದರೆ ಏನು ನೋಡಬೇಕಿತ್ತು?

ಮೊದಲು ದೂರದಿಂದ. ಹತ್ತು ಹದಿನೈದು ಅಡಿ ಹಿಂದೆ ನಿಂತು ಕಣ್ಣು ಅರೆ ಮುಚ್ಚಿ ನೋಡಬೇಕು. ಆಗ ಸೀರೆಯ ಅಂಚು, ಮೂಗಿನ ಅಂದ, ಬಳೆ ಎಲ್ಲ ಮರೆಯಾಗುತ್ತವೆ. ಬೆಳಕಿನ ತುಂಡು, ಕತ್ತಲೆಯ ತುಂಡು ಇವೆರಡೇ ಉಳಿಯುತ್ತವೆ. ಆ ತುಂಡುಗಳು ಒಂದಕ್ಕೊಂದು ಹೊಂದಿಕೊಂಡು ನಿಂತಿದ್ದರೆ ಚಿತ್ರದ ಎಲುಬು ಗಟ್ಟಿ ಇದೆ ಅಂತ ಅರ್ಥ. ಈ ಚಿತ್ರದಲ್ಲಿ ಎಲ್ಲಕ್ಕಿಂತ ಬೆಳ್ಳಗಿನ ಜಾಗ ದೀಪದ ಹತ್ತಿರ. ಮುಖ ಅದಕ್ಕಿಂತ ಒಂದು ಹದ ಕಡಿಮೆ. ಸೀರೆ ಇನ್ನೂ ಕಡಿಮೆ. ಹಿಂಬದಿ ಕತ್ತಲು. ಕಣ್ಣು ದೀಪಕ್ಕೆ ಹೋಗಿ, ಬೆರಳು ದಾಟಿ, ಮುಖಕ್ಕೆ ಏರಿ, ಸೀರೆಯ ನೆರಿಗೆಯಲ್ಲಿ ಇಳಿದು ಮತ್ತೆ ದೀಪಕ್ಕೆ ಬರುತ್ತದೆ. ಬರೆದವರು ನಮ್ಮ ಕಣ್ಣಿಗೆ ದಾರಿ ಹಾಕಿದ್ದಾರೆ. ಕಂಪೋಸಿಷನ್ ಅನ್ನುವ ದೊಡ್ಡ ಮಾತಿಗೆ ಅರ್ಥ ಇಷ್ಟೇ. ನಮಗೆ ಬರುವ ಚಿತ್ರಗಳಲ್ಲಿ ಜಾಸ್ತಿ ಸೋಲುವುದು ಇಲ್ಲೇ. ಹಂಪಿಯ ಕಲ್ಲಿನ ರಥ, ಆಕಾಶ, ಮುಂದಿನ ಹುಲ್ಲು, ನಡುವೆ ಒಬ್ಬ ಪ್ರವಾಸಿ, ಎಲ್ಲವೂ ಒಂದೇ ಜೋರಿನಲ್ಲಿ ಮಾತಾಡುತ್ತಿರುತ್ತವೆ. ಮೊದಲು ಯಾವುದನ್ನು ನೋಡಬೇಕು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಆಮೇಲೆ ಹತ್ತಿರ. ಒಂದು ಅಡಿ. ಈಗ ನೋಡುವುದು ಬಣ್ಣ ಹಚ್ಚಿದ ಕೈಯನ್ನು. ಹಳದಣಕರ್ ಅವರ ಈ ಚಿತ್ರ ಜಲವರ್ಣದ್ದು ಅಂದರೆ ನಂಬಲು ಕಷ್ಟ. ಜಲವರ್ಣದಲ್ಲಿ ಬಿಳಿ ಅಂದರೆ ಕಾಗದದ ಬಿಳಿ. ಬೆಳಕು ಬೇಕಾದ ಜಾಗವನ್ನು ಮೊದಲೇ ಯೋಚಿಸಿ ಬಿಟ್ಟಿರಬೇಕು. ಕತ್ತಲನ್ನು ತೆಳು ಪದರಗಳಲ್ಲಿ ಕಟ್ಟಬೇಕು. ಒಂದು ಪದರ ಒಣಗುವ ಮೊದಲೇ ಇನ್ನೊಂದು ಎಳೆದರೆ, ಅಥವಾ ಮತ್ತೆ ಮತ್ತೆ ತೀಡಿದರೆ, ಬಣ್ಣ ರಾಡಿಯಾಗುತ್ತದೆ. ತೈಲವರ್ಣದಲ್ಲಾದರೆ ತಪ್ಪನ್ನು ಒರೆಸಿ ಮೇಲೆ ಬರೆಯಬಹುದು. ಇಲ್ಲಿ ಆ ಸಲುಗೆ ಇಲ್ಲ. ಹಾಗಾಗಿ ಮಾಧ್ಯಮ ಯಾವುದು ಅಂತ ತಿಳಿದೇ ಕೈಯನ್ನು ಅಳೆಯಬೇಕು. ಅಂಚುಗಳನ್ನೂ ನೋಡಬೇಕು. ನಮ್ಮ ಕಣ್ಣಿಗೆ ಎಲ್ಲದರ ಅಂಚೂ ಒಂದೇ ಹರಿತದಲ್ಲಿ ಕಾಣುವುದಿಲ್ಲ. ದೀಪದ ಹತ್ತಿರದ ಬೆರಳು ಸ್ಪಷ್ಟ, ಕತ್ತಲೆಯ ಕಡೆಯ ಭುಜ ಕತ್ತಲಲ್ಲೇ ಕರಗಿಹೋಗುತ್ತದೆ. ಹೊಸಬರು ಎಲ್ಲದಕ್ಕೂ ಸುತ್ತ ಗೆರೆ ಎಳೆದುಬಿಡುತ್ತಾರೆ.

ಮೂರನೆಯದು, ಚಿತ್ರ ಬಿಟ್ಟು ಬಂದ ಮೇಲೆ. ಹಾಲಿನಿಂದ ಆಚೆ ಬಂದು ಕಾಫಿ ಕುಡಿಯುವಾಗ ಯಾವ ಚಿತ್ರ ಇನ್ನೂ ಕಣ್ಣಿನಲ್ಲಿದೆ? ನಾನು ಇದನ್ನು ಒಂದು ಪರೀಕ್ಷೆಯಾಗಿಯೇ ಬಳಸುತ್ತೇನೆ. ಒಮ್ಮೆ ಒಬ್ಬ ಹುಡುಗ ಅಜ್ಜಿಯ ಔಷಧಿ ಡಬ್ಬಿಯನ್ನು ಬರೆದು ಕಳಿಸಿದ್ದ. ಒಂದು ಹಳೆಯ ಬಿಸ್ಕತ್ತಿನ ಡಬ್ಬ, ಒಳಗೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆಗಳು. ದೃಷ್ಟಿಕೋನದಲ್ಲಿ ತಪ್ಪಿತ್ತು. ಡಬ್ಬದ ಒಂದು ಬದಿ ಮೇಲಕ್ಕೆ ಎದ್ದಿತ್ತು. ಆದರೆ ಮೂವರಿಗೂ ಮಧ್ಯಾಹ್ನದ ಊಟದ ಹೊತ್ತಿಗೆ ನೆನಪಿದ್ದದ್ದು ಅದೇ. ಅದು ಗೋಡೆಗೆ ಏರಿತು.

ಈ ಮೂರನೆಯ ಪರೀಕ್ಷೆಯಲ್ಲಿ ನಕಲು ಚಿತ್ರಗಳು ನಿಲ್ಲುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಫೋಟೋ ನೋಡಿ ಗೆರೆ ಗೆರೆ ಇಳಿಸಿದ ಹುಲಿ, ಕೊಡ ಹೊತ್ತ ಹೆಂಗಸರು, ಮಳೆಯಲ್ಲಿ ಕೊಡೆ ಹಿಡಿದ ಜೋಡಿ ನಮಗೆ ಪ್ರತಿ ವರ್ಷ ಬರುತ್ತವೆ. ಕೈ ಚೆನ್ನಾಗಿರುತ್ತದೆ. ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ ಯಾವುದನ್ನು ಬಿಡಬೇಕು, ಎಲ್ಲಿ ನಿಂತು ನೋಡಬೇಕು, ಬೆಳಕು ಯಾವ ಕಡೆಯಿಂದ ಬರಲಿ ಅನ್ನುವ ನಿರ್ಧಾರವೆಲ್ಲ ಬೇರೆಯವರದ್ದು. ಫೋಟೋ ತೆಗೆದವರ ಹಕ್ಕಿನ ಪ್ರಶ್ನೆಯೂ ಇದೆ. ನಿಮ್ಮ ಮನೆ ಹಿತ್ತಲಿನ ಪಪ್ಪಾಯಿ ಮರವನ್ನು ಕಳಿಸಿ. ನಾನು ಅದಕ್ಕೆ ಕಾಯುತ್ತಿರುತ್ತೇನೆ.

ಈಗ ಅಂಕದ ಹಾಳೆಗೆ ಬರೋಣ. ಕಂಪೋಸಿಷನ್‌ಗೆ ಇಷ್ಟು, ಬಣ್ಣಕ್ಕೆ ಇಷ್ಟು, ರೇಖೆಗೆ ಇಷ್ಟು, ಭಾವಕ್ಕೆ ಇಷ್ಟು ಅಂತ ಕಾಲಂ ಹಾಕಿದ ಹಾಳೆ. ಇದು ಇತ್ತೀಚಿನದ್ದು ಅಂದುಕೊಳ್ಳಬೇಡಿ. 1708ರಲ್ಲೇ ಫ್ರಾನ್ಸಿನ ರೋಜೆ ದ ಪೀಲ್ ಎಂಬ ವಿಮರ್ಶಕ ಇಂಥ ಒಂದು ಪಟ್ಟಿ ಅಚ್ಚು ಹಾಕಿಸಿದ್ದ. ಐವತ್ತಕ್ಕೂ ಹೆಚ್ಚು ಹೆಸರಾಂತ ಚಿತ್ರಕಾರರಿಗೆ ಸಂಯೋಜನೆ, ರೇಖೆ, ಬಣ್ಣ, ಭಾವ ಈ ನಾಲ್ಕರಲ್ಲಿ ಇಪ್ಪತ್ತಕ್ಕೆ ಅಂಕ ಕೊಟ್ಟ. ಯಾರಿಗೂ ಹದಿನೆಂಟಕ್ಕಿಂತ ಹೆಚ್ಚು ಕೊಡಲಿಲ್ಲ. ರಾಫೆಲ್‌ಗೆ 17, 18, 12, 18. ರೂಬೆನ್ಸ್‌ಗೆ 18, 13, 17, 17. ಕೂಡಿಸಿ ನೋಡಿ, ಇಬ್ಬರಿಗೂ 65. ಇಬ್ಬರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಅವು ಒಂದೇ ಥರ ಅಂತ ಯಾರೂ ಹೇಳುವುದಿಲ್ಲ. ಒಟ್ಟು ಅಂಕದೊಳಗೆ ಅಷ್ಟೂ ವ್ಯತ್ಯಾಸ ಅಳಿಸಿಹೋಯಿತು.

ಇನ್ನೂ ಕೇಳಿ. ಮೈಕೆಲೆಂಜೆಲೊಗೆ ಬಣ್ಣದಲ್ಲಿ 4. ರೆಂಬ್ರಾಂಟ್‌ಗೆ ರೇಖೆಯಲ್ಲಿ 6. ಕರವಾಜೊಗೆ ಭಾವದಲ್ಲಿ ಸೊನ್ನೆ. ಇವತ್ತು ಕರವಾಜೊನ ಚಿತ್ರದ ಮುಂದೆ ನಿಂತು ಜನ ಮೈ ಜುಮ್ಮೆನ್ನಿಸಿಕೊಳ್ಳುವುದು ಆ ಭಾವಕ್ಕೇ. ದ ಪೀಲ್ ದಡ್ಡನಲ್ಲ, ಚೆನ್ನಾಗಿ ನೋಡಬಲ್ಲವನು. ಭಾವ ಅಂದರೆ ಹೀಗೇ ಇರಬೇಕು ಅಂತ ಅವನ ಕಾಲ ಒಂದು ಅಚ್ಚು ಮಾಡಿಕೊಂಡಿತ್ತು. ಕರವಾಜೊ ಬರೆದ ಕೊಳಕು ಕಾಲಿನ ಜನ ಆ ಅಚ್ಚಿನಲ್ಲಿ ಕೂರಲಿಲ್ಲ. ಹಾಳೆಯ ಪ್ರತಿ ಕಾಲಮ್ಮಿನಲ್ಲೂ ಇಂಥ ಒಂದು ಅಚ್ಚು ಅಡಗಿರುತ್ತದೆ. ಅಂಕ ಹಾಕುವಾಗ ನಾನು ಇದನ್ನು ನೆನಪು ಮಾಡಿಕೊಳ್ಳುತ್ತೇನೆ. ಸೊನ್ನೆ, ಒಂದು, ಎರಡು ಹಾಕಬೇಕು ಅನ್ನಿಸಿದಾಗ ಇನ್ನೊಂದು ಸಲ ಎದ್ದು ಹೋಗಿ ಆ ಚಿತ್ರದ ಮುಂದೆ ನಿಲ್ಲುತ್ತೇನೆ.

ಲೆಕ್ಕದಲ್ಲೂ ಬಲೆಗಳಿವೆ. ಮೂವರು ತೀರ್ಪುಗಾರರು, ಹತ್ತಕ್ಕೆ ಅಂಕ. ಒಂದು ಚಿತ್ರಕ್ಕೆ 6, 6, 6. ಇನ್ನೊಂದಕ್ಕೆ 9, 7, 2. ಎರಡಕ್ಕೂ 18. ಮೊದಲನೆಯದು ಯಾರಿಗೂ ಬೇಡವೂ ಅಲ್ಲ, ಬೇಕೂ ಅಲ್ಲ. ಎರಡನೆಯದನ್ನು ಒಬ್ಬರು ಹೃದಯದಿಂದ ಮೆಚ್ಚಿದ್ದಾರೆ, ಒಬ್ಬರು ತಳ್ಳಿಹಾಕಿದ್ದಾರೆ. ಬರೀ ಕೂಡಿಸಿ ಮೇಲಿನ 72 ತೆಗೆದುಕೊಂಡರೆ ಗೋಡೆ ತುಂಬಾ ಆರು-ಆರು-ಆರರ ಚಿತ್ರಗಳೇ ಸೇರಿಕೊಳ್ಳುತ್ತವೆ. ತಪ್ಪಿಲ್ಲದ, ನೆನಪಲ್ಲೂ ಉಳಿಯದ ಪ್ರದರ್ಶನ.

ಇನ್ನೊಂದು ಬಲೆ ಹೆಚ್ಚು ಜನಕ್ಕೆ ಕಾಣುವುದಿಲ್ಲ. ಒಬ್ಬ ತೀರ್ಪುಗಾರರು ತುಂಬಾ ಮೃದು. ಎಲ್ಲದಕ್ಕೂ ಐದು, ಆರು, ಏಳು ಅಷ್ಟೇ ಹಾಕುತ್ತಾರೆ. ಇನ್ನೊಬ್ಬರು ಒಂದರಿಂದ ಹತ್ತರವರೆಗೆ ಧಾರಾಳವಾಗಿ ಓಡಾಡುತ್ತಾರೆ. ಕೂಡಿಸಿದಾಗ ಏನಾಗುತ್ತದೆ? ಮೃದು ಸ್ವಭಾವದವರ ಅಂಕ ಎಲ್ಲ ಚಿತ್ರಕ್ಕೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಏನನ್ನೂ ಬದಲಿಸುವುದಿಲ್ಲ. ಪ್ರದರ್ಶನವನ್ನು ಎರಡನೆಯವರೊಬ್ಬರೇ ಆರಿಸಿದ ಹಾಗೆ ಆಗುತ್ತದೆ. ಅತಿ ಹೆಚ್ಚು, ಅತಿ ಕಡಿಮೆ ಅಂಕ ಬಿಟ್ಟುಬಿಡೋಣ ಅಂತ ಕೆಲವರು ಹೇಳುತ್ತಾರೆ. ಮೂವರೇ ಇದ್ದಾಗ ಎರಡು ಬಿಟ್ಟರೆ ಉಳಿಯುವುದು ಒಂದು ಅಂಕ. ಅದು ನ್ಯಾಯ ಹೇಗಾಗುತ್ತದೆ?

ಅದಕ್ಕೇ ನಾವು ಮೂರು ವರ್ಷದಿಂದ ಮೊದಲ ಸುತ್ತಿನಲ್ಲಿ ಅಂಕವನ್ನೇ ಬಿಟ್ಟಿದ್ದೇವೆ. ಮೂರು ಮಾತು ಮಾತ್ರ. ಹೌದು, ಬೇಡ, ನೋಡೋಣ. ರಾಯಲ್ ಅಕಾಡೆಮಿಯಲ್ಲಿ ಹಿಂದಿನಿಂದಲೂ ಹೀಗೆಯೇ ಇತ್ತು. ಬೇಡದ ಚಿತ್ರದ ಹಿಂಬದಿ ಸೀಮೆಸುಣ್ಣದಲ್ಲಿ ಎಕ್ಸ್ ಗುರುತು, ಅನುಮಾನದ್ದಕ್ಕೆ ಡಿ. ಈ 'ನೋಡೋಣ' ರಾಶಿಯ ಬಗ್ಗೆ ಮುಂದೆ ಹೇಳುತ್ತೇನೆ, ಯಾಕಂದರೆ ನನ್ನ ಪ್ರಕಾರ ನಿಜವಾದ ತೀರ್ಪು ಆಗುವುದು ಅಲ್ಲೇ.

ಅದಕ್ಕೆ ಮೊದಲು ಸರದಿಯ ವಿಷಯ. ಬ್ರಸೆಲ್ಸ್‌ನಲ್ಲಿ ಕ್ವೀನ್ ಎಲಿಜಬೆತ್ ಹೆಸರಿನ ದೊಡ್ಡ ಸಂಗೀತ ಸ್ಪರ್ಧೆ ನಡೆಯುತ್ತದೆ. ಯಾರು ಯಾವ ದಿನ ನುಡಿಸಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅದರ ಫಲಿತಾಂಶಗಳನ್ನು ಫ್ಲೋರೆಸ್, ಗಿನ್ಸ್‌ಬರ್ಗ್ ಎಂಬ ಇಬ್ಬರು ಪರಿಶೀಲಿಸಿ 1996ರಲ್ಲಿ ಬರೆದರು. ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಾಧ್ಯತೆ ಕಡಿಮೆ, ಕೊನೆಯ ಕಡೆ ನುಡಿಸಿದವರಿಗೆ ಹೆಚ್ಚು. ಚೀಟಿಯಲ್ಲಿ ಬಂದ ದಿನಕ್ಕೂ ಕೈಚಳಕಕ್ಕೂ ಸಂಬಂಧ ಇಲ್ಲ, ಅಲ್ವಾ? ಆದರೂ ಹಾಗಾಗುತ್ತದೆ. ಮೊದಲು ಬಂದವರಿಗೆ ತೀರ್ಪುಗಾರರು ಕೈ ಬಿಗಿ ಹಿಡಿಯುತ್ತಾರೆ, ಮುಂದೆ ಇನ್ನೂ ಒಳ್ಳೆಯದು ಬರಬಹುದು ಅಂತ. ನಾನೂ ಅದನ್ನೇ ಮಾಡಿದ್ದೇನೆ. ಒಂದರಿಂದ ಇಪ್ಪತ್ತರ ಸಂಖ್ಯೆಯ ಚಿತ್ರಗಳಿಗೆ 'ಬೇಡ' ಜಾಸ್ತಿ ಹಾಕಿದ್ದನ್ನು ಆಮೇಲೆ ಎಣಿಸಿ ನೋಡಿ ಕಸಿವಿಸಿಯಾಗಿತ್ತು. ಈಗ ನಾವು ಮೊದಲು ಎಲ್ಲ 190 ಚಿತ್ರಗಳನ್ನೂ ಪೆನ್ನು ಮುಟ್ಟದೆ ಒಂದು ಸಲ ನೋಡುತ್ತೇವೆ. ಏನೇನು ಬಂದಿದೆ ಅಂತ ಕಣ್ಣಿಗೆ ಅಂದಾಜು ಸಿಗುತ್ತದೆ. ಆಮೇಲೆ ಮೂವರೂ ಮೂರು ಬೇರೆ ಬೇರೆ ಜಾಗದಿಂದ ಶುರು ಮಾಡುತ್ತೇವೆ.

ಸರಿ, 'ನೋಡೋಣ' ರಾಶಿ. ಮೊದಲ ಸುತ್ತು ಮುಗಿದಾಗ ಮೂವರೂ ಹೌದು ಅಂದದ್ದು ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತು. ಮೂವರೂ ಬೇಡ ಅಂದದ್ದು ಐವತ್ತರ ಹತ್ತಿರ. ಉಳಿದದ್ದೆಲ್ಲ ಈ ರಾಶಿ, ನೂರಕ್ಕೂ ಜಾಸ್ತಿ. ಅದರಲ್ಲಿ ನಲವತ್ತು ಚಿಲ್ಲರೆ ಗೋಡೆಗೆ ಏರಬೇಕು. ಇಲ್ಲಿಂದ ಮುಂದೆ ಮೌನವಾಗಿ ಕೆಲಸ ಮಾಡುವಂತಿಲ್ಲ. ಬೇಕು ಅನ್ನುವವರು ಯಾಕೆ ಬೇಕು ಅಂತ ಒಂದು ವಾಕ್ಯ ಹೇಳಬೇಕು. ಬೇಡ ಅನ್ನುವವರೂ ಹಾಗೆಯೇ. 'ಚೆನ್ನಾಗಿಲ್ಲ' ಅನ್ನುವುದು ಕಾರಣ ಅಲ್ಲ.

ಒಂದು ಸಲ ಒಂದು ಅಮೂರ್ತ ಚಿತ್ರದ ಮುಂದೆ ಅರ್ಧ ಗಂಟೆ ನಿಂತೆವು. ಮಣ್ಣಿನ ಬಣ್ಣ, ಅದರ ಮೇಲೆ ಒಂದು ಮೂಲೆಯಲ್ಲಿ ಗೀರಿದ ಹಸಿರು.

"ಇದರಲ್ಲಿ ಏನಿದೆ ಮೇಡಂ? ನನಗೆ ಖಾಲಿ ಅನ್ನಿಸ್ತಿದೆ" ಅಂದರು ಮೇಷ್ಟ್ರು.

"ಖಾಲಿ ಬಿಟ್ಟಿದ್ದಾರೆ ಮೇಷ್ಟ್ರೇ, ಖಾಲಿ ಉಳಿದಿಲ್ಲ. ಆ ಹಸಿರನ್ನ ಕೈಯಿಂದ ಮುಚ್ಚಿ ನೋಡಿ."

ಮೇಷ್ಟ್ರು ಕೈ ಅಡ್ಡ ಹಿಡಿದರು. ಹಸಿರು ಮರೆಯಾದ ತಕ್ಷಣ ಮಣ್ಣಿನ ಬಣ್ಣ ಸತ್ತುಹೋಯಿತು. ಕೈ ತೆಗೆದರೆ ಮತ್ತೆ ಬೆಚ್ಚಗಾಯಿತು. ಎರಡು ಮೂರು ಸಲ ಹಾಗೆ ಮಾಡಿ ನೋಡಿದರು. "ಹೌದು ಅಂತ ಬರ್ಕೊಳ್ಳಿ" ಅಂದರು. ಯಾವ ಅಂಕದ ಹಾಳೆಯೂ ಈ ಕೆಲಸ ಮಾಡಲಾರದು. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ಇನ್ನೊಬ್ಬರು ಮನಸ್ಸು ಬದಲಿಸಲು ಒಪ್ಪುವುದು, ಇದಕ್ಕಾಗಿಯೇ ಮೂವರನ್ನು ಕೂರಿಸುವುದು.

ಬೇರೆ ಬೇರೆ ಕಣ್ಣು ಬೇರೆ ಬೇರೆಯದನ್ನು ನೋಡುತ್ತದೆ ಅನ್ನುವುದು ನಮ್ಮ ಹಿಂದಿನವರಿಗೂ ಗೊತ್ತಿತ್ತು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಒಂದು ಶ್ಲೋಕ ಇದೆ. ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ಬಲ್ಲವರು ನೆರಳು-ಬೆಳಕಿನ ಹದವನ್ನು ಮೆಚ್ಚುತ್ತಾರೆ, ಹೆಂಗಸರಿಗೆ ಅಲಂಕಾರ ಇಷ್ಟ, ಉಳಿದ ಜನಕ್ಕೆ ಬಣ್ಣ ಬೇಕು ಅಂತ ಅದರ ತಾತ್ಪರ್ಯ. ಹೆಂಗಸರ ಬಗ್ಗೆ ಅದು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮೇಲೆ ಖಾಲಿ ಜಾಗದ ಪರ ವಾದಿಸಿದವರು ಯಾರು ಅಂತ ನೋಡಿದಿರಲ್ಲ. ಆದರೆ ಮುಖ್ಯ ಮಾತು ನಿಜ. ಸಮಿತಿಯಲ್ಲಿ ಮೂವರೂ ರೇಖೆಯವರೇ ಆದರೆ ಬಣ್ಣದವರು ಮನೆಗೆ ಹೋಗುತ್ತಾರೆ. ನಾವು ಸಮಿತಿ ಮಾಡುವಾಗ ಒಬ್ಬರು ಸಾಂಪ್ರದಾಯಿಕ ಶೈಲಿ ಬಲ್ಲವರು, ಒಬ್ಬರು ಹೊಸ ಬಗೆಯ ಕೆಲಸ ಮಾಡುವವರು, ಒಬ್ಬರು ನಿಸರ್ಗ ಚಿತ್ರ ಅಥವಾ ವ್ಯಕ್ತಿಚಿತ್ರ ಬರೆಯುವವರು ಇರುವಂತೆ ನೋಡಿಕೊಳ್ಳುತ್ತೇವೆ.

ಮೈಸೂರಿನಲ್ಲಿ ಇದು ಇನ್ನೂ ಮುಖ್ಯ. ಮೈಸೂರು ಶೈಲಿಯ ಚಿತ್ರಗಳು ನಮಗೆ ತುಂಬಾ ಬರುತ್ತವೆ. ಲಕ್ಷ್ಮಿ, ಸರಸ್ವತಿ, ರಾಮ ಪಟ್ಟಾಭಿಷೇಕ. ಇವುಗಳಲ್ಲಿ 'ಹೊಸತನ ಇಲ್ಲ' ಅಂತ ಅಂಕ ಕತ್ತರಿಸುವುದು ದೊಡ್ಡ ತಪ್ಪು. ಇಲ್ಲಿ ವಿಷಯ ಹಳೆಯದೇ ಇರಬೇಕು. ನೋಡಬೇಕಾದದ್ದು ಗೆರೆ ಎಷ್ಟು ನಯವಾಗಿದೆ, ಗೆಸ್ಸೋ ಅನ್ನುವ ಉಬ್ಬು ಕೆಲಸ ಎಷ್ಟು ತೆಳುವಾಗಿ ಎದ್ದಿದೆ, ಚಿನ್ನದ ರೇಕು ಎಲ್ಲಿ ನಿಂತಿದೆ ಅನ್ನುವುದನ್ನು. ತಂಜಾವೂರು ಶೈಲಿಯಲ್ಲಿ ಆ ಉಬ್ಬು ದಪ್ಪಗಿರುತ್ತದೆ, ಮೈಸೂರಿನದು ತಗ್ಗು. ಅದು ಗೊತ್ತಿಲ್ಲದವರು ಮೈಸೂರಿನದನ್ನು ನೋಡಿ 'ಕೆಲಸ ಕಡಿಮೆ' ಅಂದದ್ದನ್ನು ನಾನು ಕೇಳಿದ್ದೇನೆ. ಅದಕ್ಕೆ ನಾವು ಸಾಂಪ್ರದಾಯಿಕ ಚಿತ್ರಗಳಿಗೆ ಬೇರೆಯೇ ಒಂದು ಗೋಡೆ ಕೊಟ್ಟಿದ್ದೇವೆ.

ಎಐ ಚಿತ್ರಗಳ ಪ್ರಶ್ನೆ ಈಗ ಎಲ್ಲರೂ ಕೇಳುತ್ತಾರೆ. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಜಾತ್ರೆಯಲ್ಲಿ ಜೇಸನ್ ಆಲೆನ್ ಎಂಬವರು ಮಿಡ್‌ಜರ್ನಿ ಎಂಬ ಎಐಯಿಂದ ಮಾಡಿದ ಚಿತ್ರ ಕಳಿಸಿ ಡಿಜಿಟಲ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆದರು. 300 ಡಾಲರ್. ಮಿಡ್‌ಜರ್ನಿ ಅಂದರೆ ಎಐ ಅಂತ ತೀರ್ಪುಗಾರರಿಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬಹುಮಾನ ಅದಕ್ಕೇ ಕೊಡುತ್ತಿದ್ದೆವು ಅಂತ ಆಮೇಲೆ ಹೇಳಿದರು. ನಮ್ಮ ನಿಯಮ ಸರಳ. ಹೇಗೆ ಮಾಡಿದ್ದೀರಿ ಅಂತ ಎಂಟ್ರಿ ಫಾರಂನಲ್ಲಿ ಬರೆಯಬೇಕು. ಕೈಯಿಂದ ಬಣ್ಣ ಹಚ್ಚಿದ ಚಿತ್ರಗಳ ಜೊತೆ ಅದನ್ನು ಸೇರಿಸುವುದಿಲ್ಲ.

ಗೋಡೆಗೆ ಹಾಕುವಾಗಲೂ ಒಂದಷ್ಟು ತೀರ್ಮಾನಗಳು ಬದಲಾಗುತ್ತವೆ. ಕೆಂಪು ಬಣ್ಣದ ಅಬ್ಬರದ ಪಕ್ಕ ತಿಳಿ ಪೆನ್ಸಿಲ್ ಚಿತ್ರ ಇಟ್ಟರೆ ಪೆನ್ಸಿಲ್ಲಿನದು ಮಾಯ. ಹಿಂದೆ ಕೊಂಡಿ, ತಂತಿ ಇಲ್ಲದ ಫ್ರೇಮು, ಬಣ್ಣ ಇನ್ನೂ ಒಣಗದ ತೈಲಚಿತ್ರ ಬಂದರೆ ಆಯ್ಕೆಯಾಗಿದ್ದರೂ ತೂಗು ಹಾಕಲು ಆಗುವುದಿಲ್ಲ. ದಯವಿಟ್ಟು ಚಿತ್ರದ ಹಿಂದೆ ಮೇಲ್ಬದಿ ಯಾವುದು ಅಂತ ಬಾಣದ ಗುರುತು ಹಾಕಿ. 1961ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಮಾತೀಸ್‌ನ ಒಂದು ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ತೂಗಿತ್ತು. ಕೊನೆಗೆ ಒಬ್ಬ ಪ್ರೇಕ್ಷಕಿ ಕಂಡುಹಿಡಿದರು.

ಬಹುಮಾನದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ಒಬ್ಬರ ಕಣ್ಣು, ಒಂದು ದಿನ. 1935ರಲ್ಲಿ ಅಮೃತಾ ಶೇರ್‌ಗಿಲ್ ಶಿಮ್ಲಾದ ಕಲಾ ಸಂಘಕ್ಕೆ ಹತ್ತು ಚಿತ್ರ ಕಳಿಸಿದರು. ಐದು ವಾಪಸು ಬಂದವು. ಉಳಿದದ್ದರಲ್ಲಿ ಒಂದಕ್ಕೆ ಬಹುಮಾನ ಬಂತು. ಆಕೆ ಬಹುಮಾನವನ್ನೇ ಹಿಂದಿರುಗಿಸಿದರು. ಎರಡು ವರ್ಷದ ಮೇಲೆ ಬಾಂಬೆ ಆರ್ಟ್ ಸೊಸೈಟಿ ಅವರ 'ಮೂವರು ಹುಡುಗಿಯರು' ಚಿತ್ರಕ್ಕೆ ಚಿನ್ನದ ಪದಕ ಕೊಟ್ಟಿತು. ಪ್ಯಾರಿಸ್ಸಿನಲ್ಲಿ 1863ರಲ್ಲಿ ಪ್ರದರ್ಶನಕ್ಕೆ ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಆಯ್ಕೆ ಸಮಿತಿ ತಳ್ಳಿಹಾಕಿದಾಗ ಗಲಾಟೆ ಎಷ್ಟಾಯಿತು ಅಂದರೆ, ತಿರಸ್ಕಾರವಾದ ಚಿತ್ರಗಳಿಗೇ ಬೇರೆ ಪ್ರದರ್ಶನ ಮಾಡಿ ಅಂತ ಚಕ್ರವರ್ತಿ ಮೂರನೇ ನೆಪೋಲಿಯನ್ ಹೇಳಬೇಕಾಯಿತು. ಅಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ಮಾನೆ, ಪಿಸ್ಸಾರೊ, ಸೆಜಾನ್ ಎಲ್ಲರೂ ಇದ್ದರು. ಇದನ್ನು ಹೇಳಿ ವಾಪಸು ಬಂದವರೆಲ್ಲ ಮಾನೆ ಅಂತ ನಾನು ಹುರಿದುಂಬಿಸುತ್ತಿಲ್ಲ. ಆ ಸಮಿತಿಯವರು ಯಾಕೆ ಬೇಡ ಅಂತ ಒಂದು ಮಾತು ಬರೆದು ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಯೋಚಿಸುತ್ತೇನೆ.

ನಾವು ಈಗ ಅದನ್ನು ಮಾಡುತ್ತೇವೆ. 'ನೋಡೋಣ' ರಾಶಿಯಿಂದ ವಾಪಸು ಹೋಗುವ ಪ್ರತಿ ಚಿತ್ರಕ್ಕೂ ಒಂದು ಸಾಲು. ತೀರ್ಪುಗಾರರು ಮಾತಾಡುವಾಗ ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಕೇಳಿದವರಿಗೆ ಓದಿ ಹೇಳುತ್ತೇನೆ.

ಫೋನು ಮಾಡಿದ ಆ ಹೆಣ್ಣುಮಗಳಿಗೂ ಓದಿದೆ. ಹಳ್ಳಿಯ ಮನೆ, ಪಕ್ಕದಲ್ಲಿ ಹುಣಸೆ ಮರ, ಜಲವರ್ಣ. "ತೆಳು ಬಣ್ಣದ ವಾಶ್ ತುಂಬಾ ಚೆನ್ನಾಗಿದೆ. ಮರದ ನೆರಳು ಎಡಕ್ಕೆ ಬಿದ್ದಿದೆ, ಮನೆಯ ನೆರಳು ಬಲಕ್ಕೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅಯ್ಯೋ ಹೌದು ಸರ್" ಅಂದರು. "ಮರ ಬೆಳಿಗ್ಗೆ ಬರೆದೆ. ಆಮೇಲೆ ಮನೆಗೆ ನೆಂಟರು ಬಂದ್ರು. ಮನೆ ಬರೆಯೋ ಹೊತ್ತಿಗೆ ಸಂಜೆ ಆಗಿತ್ತು."